ತಗಾಲೊಗ್ ಹೆಸರಲ್ಲಿ ಯಾವ್ದನ್ನ ಆರಿಸ್ಕೊಳ್ಳೋದು: ಲಿಗಾಯ, ತಾಲಾ, ಮಯೂಮಿ, ಬಯಾನಿ?

ಮಗಳು ಹುಟ್ಟೋಕೆ ಇನ್ನೂ ಮೂರು ತಿಂಗಳಿದ್ದಾಗ ನಾನೂ ಎಲ್ರ ತರ ರಾತ್ರಿ ಮೊಬೈಲ್ ಹಿಡ್ಕೊಂಡು ಹೆಸರಿನ ಪಟ್ಟಿ ನೋಡ್ತಾ ಕೂರ್ತಿದ್ದೆ. ನಾನು ಮಂಡ್ಯ ಕಡೆಯವ್ನು, ಭತ್ತದ ಕೆಲಸದ ಮೇಲೆ ಫಿಲಿಪೈನ್ಸಿನ ಲಾಸ್ ಬಾನ್ಯೋಸ್‌ಗೆ ಬಂದವ್ನು ಇಲ್ಲೇ ಲಗೂನಾ ಪ್ರಾಂತ್ಯದ ಹುಡುಗೀನ ಮದುವೆ ಆದೆ, ನಮ್ಮತ್ತೆ ಮನೇಲಿ ಆಡೋದು ತಗಾಲೊಗ್, ನಮ್ಮಮ್ಮ ಫೋನಲ್ಲಿ ಆಡೋದು ಮಂಡ್ಯದ ಕನ್ನಡ, ಇಬ್ರು ಅಜ್ಜೀರ ಬಾಯಲ್ಲೂ ಸಲೀಸಾಗಿ ಹೊರಳೋ ಹೆಸರು ಬೇಕಿತ್ತು. ಪಟ್ಟೀಲಿ ನೋಡಿದ್ರೆ ಮಯೂಮಿ ಅಂದ್ರೆ ಸುಂದರಿ, ಮರಿಕಿತ್ ಅಂದ್ರೆ ಸುಂದರಿ, ದಿಲಾಗ್ ಅಂದ್ರೆ ಸುಂದರಿ, ಮಗಂದಾ ಅಂದ್ರೂ ಸುಂದರಿ. ನಾಲ್ಕೂ ಒಂದೇನಾ ಅಂತ ಅತ್ತೇನ ಕೇಳಿದೆ. ಅಲ್ವೇ ಅಲ್ಲ ಅಂದು ಅಕ್ಕಿ ಆರಿಸ್ತಾ ಆರಿಸ್ತಾನೇ ಅರ್ಧ ಗಂಟೆ ಒಂದೊಂದನ್ನೂ ಬಿಡಿಸಿ ಹೇಳಿದ್ರು.

ಅವತ್ತಿಂದ ನಾನು ಅರ್ಥದ ಪಟ್ಟಿ ನೋಡೋದು ಬಿಟ್ಟೆ. ಈ ಪದನ ಜನ ಈಗ್ಲೂ ಎಲ್ಲಿ ಆಡ್ತಾರೆ, ಚರ್ಚಲ್ಲಾ, ಸಂತೇಲಾ, ಹಬ್ಬದಲ್ಲಾ, ಬರೀ ಪದ್ಯದಲ್ಲಾ, ಇದನ್ನ ಕೇಳ್ಕೊಂಡು ಹೆಸರುಗಳನ್ನ ಪಕ್ಕ ಪಕ್ಕ ಇಟ್ಟು ನೋಡೋಕೆ ಶುರು ಮಾಡಿದೆ. ನಮ್ಮ ತರಾನೇ ಫಿಲಿಪಿನೋ ಸಂಬಂಧ ಇರೋ ಕನ್ನಡದವ್ರು ದುಬೈಲಿ, ಸಿಂಗಾಪುರದಲ್ಲಿ ಇದಾರೆ, ಅವ್ರಿಗೆ ಉಪಯೋಗ ಆಗ್ಲಿ ಅಂತ ನಾನು ನೋಡಿದ್ದು ಕೇಳಿದ್ದು ಎಲ್ಲ ಬರೀತಿದೀನಿ.

ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ. ಫಿಲಿಪೈನ್ಸಲ್ಲಿ ತಗಾಲೊಗ್ ಮಾತಾಡೋ ಮನೇಲಿ ತಗಾಲೊಗ್ ಹೆಸರೇ ಇರುತ್ತೆ ಅಂದ್ಕೋಬೇಡಿ, ಜಾಸ್ತಿ ಕಾಣೋದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಹೆಸರುಗಳೇ. ಮುನ್ನೂರು ವರ್ಷಕ್ಕೂ ಮೇಲೆ ಸ್ಪೇನ್ ಆಳಿದ ದೇಶ ಇದು, ಜ್ಞಾನಸ್ನಾನದಲ್ಲಿ ಸಂತರ ಹೆಸರು ಇಡೋದು, ಹುಟ್ಟಿದ ದಿನ ಕ್ಯಾಲೆಂಡರಲ್ಲಿ ಯಾವ ಸಂತನ ಹಬ್ಬ ಇದ್ಯೋ ಅದೇ ಹೆಸರು ಇಡೋದು ರೂಢಿ ಆಗಿತ್ತು. ಕ್ರಾಂತಿಕಾರಿ ಆಂದ್ರೆಸ್ ಬೋನಿಫಾಸಿಯೊ ಹುಟ್ಟಿದ್ದು 1863ರ ನವೆಂಬರ್ 30, ಅವತ್ತು ಸಂತ ಆಂದ್ರೆಸ್ ಹಬ್ಬ. ಹೆಣ್ಮಕ್ಕಳಿಗೆ ಮರಿಯಾ ಮುಂದೆ ಸೇರ್ಸಿ ಇನ್ನೊಂದು ಹೆಸರು, ಬರೆಯುವಾಗ ಅದನ್ನ 'ಮ' ಅಂತ ಚುಟುಕಾಗಿ ಬರೀತಾರೆ. ಇನ್ನು ಕಟ್ಟಿದ ಹೆಸರುಗಳದ್ದೇ ಒಂದು ಗುಂಪು. ಲೂಸೋನ್, ವಿಸಾಯಸ್, ಮಿಂದನಾವ್ ಮೂರೂ ದ್ವೀಪಗುಚ್ಛ ಸೇರ್ಸಿ ಲುಸ್ವಿಮಿಂದಾ, ಜೀಸಸ್ ಜೋಸೆಫ್ ಮೇರಿ ಸೇರ್ಸಿ ಜೆಜೊಮಾರ್, ಈ ಹೆಸರಿನ ಬಿನಾಯ್ ಅನ್ನೋರು 2010ರಿಂದ 2016ರವರೆಗೆ ದೇಶದ ಉಪಾಧ್ಯಕ್ಷರೂ ಆಗಿದ್ರು. ಇವೆಲ್ಲ ಒಳ್ಳೆ ಹೆಸರುಗಳೇ, ಆದ್ರೆ ಅಜ್ಜಿ ಭಾಷೆಯ ಪದ ಮಗು ಜೊತೆ ಇರ್ಲಿ ಅಂತ ಆಸೆ ಪಡೋರಿಗೆ ಇವು ಸಾಲಲ್ಲ. ಹಾಗಾಗಿ ಮುಂದೆ ಹೇಳೋದೆಲ್ಲ ತಗಾಲೊಗ್ ಪದದ ಹೆಸರುಗಳ ಬಗ್ಗೆ.

ಸ್ಪೇನಿನವ್ರು ಬರೋಕೆ ಮುಂಚೆ ಇಲ್ಲಿ ಹೆಸರು ಇಡ್ತಿದ್ದ ರೀತಿ ಕೇಳಿದ್ರೆ ಖುಷಿ ಆಗುತ್ತೆ. ಪೆದ್ರೊ ಚಿರಿನೊ ಅನ್ನೋ ಪಾದ್ರಿ 1604ರಲ್ಲಿ ಅಚ್ಚಾದ ತನ್ನ ವರದೀಲಿ ಬರ್ದಿಟ್ಟಿದಾನೆ: ಹೆಸರು ಇಡೋದು ತಾಯಿ. ಹೆರಿಗೆ ಕಷ್ಟ ಆಯ್ತು ಅಂದ್ರೆ ಮಗು ಹೆಸರು ಮಲಿವಾಗ್, ಅಂದ್ರೆ ಕಷ್ಟದ್ದು. ಗಟ್ಟಿಮುಟ್ಟಾಗಿ ಬೆಳೀಲಿ ಅಂದ್ರೆ ಮಲಕಾಸ್, ಬಲಶಾಲಿ. ಕೆಲವು ಸಲ ಆ ಗಳಿಗೇಲಿ ತೋಚಿದ ಪದಾನೇ, ದಾನ್ ಅಂದ್ರೆ ದಾರಿ, ದಮೊ ಅಂದ್ರೆ ಹುಲ್ಲು. ಗಂಡು ಮಗು ಇಲೋಗ್ ಆದ್ರೆ, ಅಂದ್ರೆ ಹೊಳೆ, ಹೆಣ್ಣು ಮಗುಗೆ ಕೊನೇಲಿ ಒಂದು 'ಇನ್' ಸೇರ್ಸಿ ಇಲೋಗಿನ್. ನಂಗೆ ಜಾಸ್ತಿ ಹಿಡಿಸಿದ್ದು ಇದು: ಮಗು ಹುಟ್ಟಿದ ಮೇಲೆ ತಂದೆ ತಾಯೀನ ಮಗು ಹೆಸರಲ್ಲೇ ಕರೀತಿದ್ರು, ಮಲಿವಾಗ್‌ನ ಅಪ್ಪ, ಮಲಕಾಸ್‌ನ ಅಮ್ಮ ಅಂತ. ನಮ್ಮೂರಲ್ಲೂ ನಮ್ಮಮ್ಮನ್ನ ಇಂಥವ್ನ ಅವ್ವ ಅಂತ್ಲೇ ಕರೆಯೋದು, ಅವ್ರ ಸ್ವಂತ ಹೆಸರು ಗೊತ್ತಿರೋರು ಬೀದೀಲಿ ನಾಲ್ಕು ಜನ ಇದ್ರೆ ಹೆಚ್ಚು.

ಈಗ ಸುಂದರಿ ಗುಂಪಿಗೆ ಬರ್ತೀನಿ, ಯಾಕಂದ್ರೆ ಎಲ್ರೂ ಮೊದಲು ಎಡವೋದು ಇಲ್ಲೇ. ಮಗಂದಾ ದಿನಬಳಕೆ ಪದ, ಹುಡುಗಿಗೂ ಹೇಳ್ತಾರೆ, ಮನೆಗೂ ಹೇಳ್ತಾರೆ, ಬೆಳಗ್ಗೆ ಸಿಕ್ಕಿದ್ರೆ 'ಮಗಂದಾಂಗ್ ಉಮಾಗಾ' ಅಂತ ಶುಭೋದಯ ಹೇಳೋದೂ ಇದೇ ಪದದಲ್ಲಿ. ಬಿದಿರು ಸೀಳಿ ಮೊದಲ ಗಂಡು ಮಲಕಾಸ್, ಮೊದಲ ಹೆಣ್ಣು ಮಗಂದಾ ಹೊರಗೆ ಬಂದ್ರು ಅನ್ನೋ ಕಥೇಲಿ ಅದು ಹೆಸರು, ಬರ್ತ್ ಸರ್ಟಿಫಿಕೇಟಲ್ಲಿ ಚೆನ್ನಾಗಿರಲ್ಲ, ನಾವು ಮಗಳಿಗೆ 'ಚೆನ್ನಾಗಿದೆ' ಅಂತ ಹೆಸರಿಟ್ಟ ಹಾಗಾಗುತ್ತೆ. ಅಲ್ದೆ ಬರೀ 'ಗಂದಾ' ಅಂತ ಮುದ್ದಿಗೆ ಕರೆಯೋದು ಇಲ್ಲಿ ತುಂಬ ಇದೆ, ನಮ್ಮ ಕಡೆ ಕಿವೀಗೆ ಅದು ಗಂಡ ಅಂತ ಕೇಳ್ಸುತ್ತೆ, ಹಿಂದಿ ಬಲ್ಲೋರಿಗೆ ಗಲೀಜು ಅಂತ ಕೇಳ್ಸುತ್ತೆ. ಮರಿಕಿತ್ ಅಂದ್ರೆ ಚೆಲುವೆ, ಆದ್ರೆ ಹಳೇ ಪದ, ಹಾಡು ಪದ್ಯದಲ್ಲಿ ಬರೋ ಪದ, ಸಂತೇಲಿ ಯಾರೂ ಆಡಲ್ಲ. ದಿಲಾಗ್‌ದು ಅಂದಕ್ಕಿಂತ ಕಾಂತಿ ಕಡೆ ವಾಲೋ ಅರ್ಥ, ಚೆಲುವೆಯಾದ ಹುಡುಗೀನೇ ದಿಲಾಗ್ ಅನ್ನೋದೂ ಉಂಟು. ಮಯೂಮಿಗೆ ಮುಖದ ಅಂದದ ಜೊತೆ ನಂಟೇ ಇಲ್ಲ. ಅದು ಮೆದು ಸ್ವಭಾವ, ತಗ್ಗಿದ ದನಿ, ನಯ. ಅತ್ತೆ ಹೇಳಿದ್ದು, ಜೋರಾಗಿ ಬಾಗ್ಲು ಹಾಕದೇ ಇರೋಳು ಮಯೂಮಿ ಅಂತ. ನಮ್ಮಲ್ಲಿ ಮೃದುಲಾ ಅಂತೀವಲ್ಲ ಅದ್ರ ಹತ್ರ. ಈ ನಾಲ್ಕರಲ್ಲಿ ಹೆಸರಾಗಿ ಗೆಲ್ಲೋದು ಮಯೂಮೀನೇ, ಕನ್ನಡದಲ್ಲೂ ಸಲೀಸು. ಒಂದೇ ತೊಂದ್ರೆ ಅಂದ್ರೆ ಜಪಾನೀಸಲ್ಲೂ ಮಯುಮಿ ಅನ್ನೋ ಹೆಸರಿದೆ, ಎರಡಕ್ಕೂ ಸಂಬಂಧ ಇಲ್ಲ, ಕೇಳಿದೋರು ಮಾತ್ರ ಜಪಾನಾ ಅಂತ ಕೇಳ್ತಾರೆ, ಜೀವನಪೂರ್ತಿ ಅದಕ್ಕೆ ಉತ್ತರ ಹೇಳೋಕೆ ಸಿದ್ಧ ಇದ್ರೆ ಇಡಿ.

ಮುತ್ಯಾ ಬಗ್ಗೆ ಬೇರೆ ಹೇಳ್ಲೇಬೇಕು. ಮುತ್ತು, ರತ್ನ, ತಾಯತದ ತರ ಕಾಪಾಡೋ ಕಲ್ಲು, ಮುದ್ದಿನ ಮಗಳು, ಎಲ್ಲಾನೂ ಸೇರಿದ ಪದ ಅದು. ಮಲಯ್ ಭಾಷೆ ಹಾದು ನಮ್ಮ ಕಡೆಯಿಂದ್ಲೇ ಅಲ್ಲಿಗೆ ಹೋದ ಪದ, ಮುತ್ತು ಅನ್ನೋದು ಅದ್ರಲ್ಲಿ ಕಿವೀಗೇ ಕೇಳುತ್ತೆ. 1968ರಿಂದ ನಡೀತಿರೋ 'ಮುತ್ಯಾ ನಂಗ್ ಪಿಲಿಪಿನಾಸ್' ಅನ್ನೋ ಸೌಂದರ್ಯ ಸ್ಪರ್ಧೆಯಿಂದ ಹೆಸರು ಎಲ್ರಿಗೂ ಗೊತ್ತು. ಮಂಡ್ಯ ಮೈಸೂರಿನವ್ರಾದ್ರೆ ಧೈರ್ಯವಾಗಿ ಇಡಿ. ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆ ಮನೆ ಆದ್ರೆ ಮಾತ್ರ ಮುತ್ಯಾ ಅಂದ್ರೆ ಅಜ್ಜ, ಮೊಮ್ಮಗಳನ್ನ ಮುತ್ಯಾ ಅಂತ ಕರೆಯೋಕೆ ಅಲ್ಲಿನ ಅಜ್ಜನಿಗೆ ಕಷ್ಟ ಆಗುತ್ತೆ.

ಬೆಳಕಿನ ಹೆಸರುಗಳು ತಗಾಲೊಗ್‌ನಲ್ಲಿ ಎಷ್ಟಿದಾವೆ ಅಂದ್ರೆ ಇಡೀ ರಾತ್ರಿಯಿಂದ ಬೆಳಗಿನವರೆಗೆ ಒಂದೊಂದು ಗಳಿಗೆಗೆ ಒಂದೊಂದು ಸಿಗುತ್ತೆ. ಬಿತುವೀನ್ ಅಂದ್ರೆ ನಕ್ಷತ್ರ, ದಿನಬಳಕೆ ಪದ, ಸಿನಿಮಾ ಸ್ಟಾರ್‌ಗೂ ಅದೇ ಅಂತಾರೆ. ತಾಲಾ ಅಂದ್ರೆ ಪ್ರಕಾಶವಾದ ತಾರೆ, ಬೆಳ್ಳಿ ಚುಕ್ಕಿ ತರದ್ದು, ಹಳೇ ತಗಾಲೊಗ್ ನಂಬಿಕೇಲಿ ದೊಡ್ಡ ದೇವರು ಬತಾಲನ ಮಗಳು, ಮಾಯಾರಿ ಮತ್ತು ಹನಾನ್ ಅವಳ ಅಕ್ಕತಂಗೀರು. ಬತಾಲ ಅನ್ನೋದೂ ಸಂಸ್ಕೃತದ ಭಟ್ಟಾರದಿಂದ ಬಂದಿದ್ದು, ನಮ್ಮ ಶಾಸನದಲ್ಲಿ ಬರೋ ಭಟಾರ. ಲಿವಾಯ್‌ವಾಯ್ ಅಂದ್ರೆ ಮುಂಜಾವು, ನಮ್ಮ ಉಷಾ. ಲಿವಾನಗ್ ಅಂದ್ರೆ ಬೆಳಕು. ಲುನಿಂಗ್‌ನಿಂಗ್ ಅಂದ್ರೆ ಫಳಫಳ ಹೊಳಪು, ಅದ್ರ ಚಿಕ್ಕದು ನಿಂಗ್‌ನಿಂಗ್.

ಲಿವಾನಗ್ ಮತ್ತು ನಿಂಗ್‌ನಿಂಗ್ ಮಧ್ಯೆ ಆರಿಸ್ಬೇಕಾದ್ರೆ ಒಂದು ವಿಷ್ಯ ತಿಳ್ಕೊಂಡಿರಿ. 1892ರಲ್ಲಿ ಶುರುವಾದ ಕತಿಪುನಾನ್ ಅನ್ನೋ ಕ್ರಾಂತಿ ಸಂಘದ ಎಮಿಲಿಯೊ ಜಸಿಂತೊ ಈ ಎರಡು ಪದಾನೇ ಎದುರು ಬದುರು ಇಟ್ಟು ಪ್ರಬಂಧ ಬರ್ದಿದಾರೆ. ಹೊಳಪು ಕಣ್ಣು ಕೋರೈಸಿ ನೋಟ ಕೆಡಿಸುತ್ತೆ, ಬೆಳಕು ಇದ್ರೇನೇ ಕಣ್ಣಿಗೆ ವಸ್ತುವಿನ ನಿಜ ಕಾಣೋದು ಅನ್ನೋದು ಅದ್ರ ಸಾರ. ಓದ್ಕೊಂಡ ಫಿಲಿಪಿನೋ ಮಂದಿಗೆ ಇದು ಗೊತ್ತಿರುತ್ತೆ. ಹಾಗಂತ ಲುನಿಂಗ್‌ನಿಂಗ್ ಕೆಟ್ಟ ಹೆಸರು ಅಲ್ಲವೇ ಅಲ್ಲ, ತುಂಬ ಅಜ್ಜೀರಿಗೆ ಇದೆ, ಕೇಳೋಕೂ ಗೆಜ್ಜೆ ಸದ್ದಿನ ಹಾಗಿದೆ. ಆದ್ರೆ ನಂಗೆ ಆ ಪ್ರಬಂಧದ ವಿಷ್ಯ ಗೊತ್ತಾದ ಮೇಲೆ ಲಿವಾನಗ್ ಪದದ ತೂಕ ಬೇರೇನೇ ಅನ್ಸೋಕೆ ಶುರುವಾಯ್ತು. ತಾಲಾ ಈಗಿನ ಕಾಲದ ತಾಯಂದ್ರಿಗೆ ಇಷ್ಟ, ಎರಡೇ ಅಕ್ಷರ, ಪಾಸ್‌ಪೋರ್ಟ್‌ಗೆ ಸಲೀಸು. ಕನ್ನಡದಲ್ಲಿ ಬರೆಯುವಾಗ 'ತಾ' ದೀರ್ಘ ಮಾಡಿ, ಇಲ್ಲಾಂದ್ರೆ ಇಂಗ್ಲಿಷ್ ಸ್ಪೆಲಿಂಗ್ ನೋಡಿದೋರು ತಲಾ ಇಷ್ಟು ಅಂತ ಹಂಚೋ ತರ ಓದ್ತಾರೆ.

ಸ್ವರದ ವಿಷ್ಯ ಬಂತಲ್ಲ, ಇದನ್ನೂ ಗಮನಿಸಿ. ತಗಾಲೊಗ್‌ನಲ್ಲಿ ಒತ್ತು ಬೀಳೋ ಜಾಗ ಬದಲಾದ್ರೆ ಅರ್ಥಾನೇ ಬದಲಾಗುತ್ತೆ, ಇಂಗ್ಲಿಷ್ ಅಕ್ಷರದಲ್ಲಿ ಅದು ಕಾಣೋದೇ ಇಲ್ಲ. ಸಯಾ ಅಂತ ಕೊನೇಲಿ ಒತ್ತಿದ್ರೆ ಸಂತೋಷ, ಸಾಯ ಅಂತ ಮೊದಲು ಒತ್ತಿದ್ರೆ ಲಂಗ. ನಮ್ಮ ಕಿವೀಗೆ ಎರಡನೇದು ಸಾವಿನ ಮಾತು, ಹಾಗಾಗಿ ಎಷ್ಟು ಒಳ್ಳೆ ಅರ್ಥ ಇದ್ರೂ ಸಯಾ ಬೇಡ ಅಂತ್ಲೇ ನನ್ನ ಸಲಹೆ. ಕನ್ನಡ ಲಿಪೀಲಿ ದೀರ್ಘ ಹಾಕಿ ಒತ್ತು ತೋರಿಸ್ಬಹುದು, ಲಿಗಾಯ, ಬಯಾನಿ, ದಲೀಸಯ್ (ಅಂದ್ರೆ ಶುದ್ಧ) ಅಂತ, ಇಂಗ್ಲಿಷಿಗಿಂತ ಇದೇ ಚೆಂದ ಹೊಂದುತ್ತೆ.

ಸಂತೋಷಕ್ಕೆ ಇಡೋದಾದ್ರೆ ಲಿಗಾಯ. ಸಯಾ ಅಂದ್ರೆ ನಕ್ಕು ನಲಿಯೋ ಖುಷಿ, ತುವಾ ಅಂದ್ರೆ ಮನಸ್ಸಿಗೆ ಆಗೋ ಸಂತಸ, ಲಿಗಾಯ ಅಂದ್ರೆ ಅದಕ್ಕಿಂತ ಆಳದ್ದು, ತುಂಬಿದ ಆನಂದ. ಇದ್ರ ಜೊತೆ ಹೋಲಿಸೋ ಹೆಸರು ಲುವಲ್‌ಹಾತಿ, ಅಂದ್ರೆ ಮಹಿಮೆ. ಕಾದಂಬರಿಕಾರ್ತಿ ಲುವಲ್‌ಹಾತಿ ಬಾವುತಿಸ್ತಾ 1945ರಲ್ಲಿ ಹುಟ್ಟಿದೋರು, ಕಥೆಗಾರ್ತಿ ಲಿವಾಯ್‌ವಾಯ್ ಅರ್ಸೆಯೊ 1920ರ ದಶಕದಲ್ಲಿ ಹುಟ್ಟಿದೋರು, ಈ ತರ ಹೆಸರು ಆ ಕಾಲದ ಮನೆಗಳಲ್ಲಿ ಪ್ರೀತಿಯಿಂದ ಇಡ್ತಿದ್ರು. ಲುವಲ್‌ಹಾತಿ ಪದ ಈಗ ಮುಖ್ಯವಾಗಿ ಪ್ರಾರ್ಥನೇಲಿ ಕೇಳುತ್ತೆ, 'ಲುವಲ್‌ಹಾತಿ ಸಾ ಅಮಾ', ಪಿತನಿಗೆ ಮಹಿಮೆ ಅಂತ. ಹಾಗಾಗಿ ಮನೇಲಿ ಭಕ್ತಿ ಇದ್ರೆ ಅದು ಹೊಂದುತ್ತೆ. ಲಿಗಾಯ ಎಲ್ಲ ಕಡೆ ಓಡಾಡೋ ಪದ. ಹುಟ್ಟುಹಬ್ಬಕ್ಕೆ 'ಮಲಿಗಾಯಂಗ್ ಕಾರವಾನ್', ಕ್ರಿಸ್ಮಸ್‌ಗೆ 'ಮಲಿಗಾಯಂಗ್ ಪಾಸ್ಕೊ'. ಇಲ್ಲಿನ ಯುವಕರು ಲಿಗಾಯ ಅಂದ್ರೆ ಅಜ್ಜಿ ಹೆಸರು ಅಂತಾರೆ, ನಿಜ, ಆದ್ರೆ ಅಜ್ಜಿ ಹೆಸರು ಮೊಮ್ಮಗಳಿಗೆ ಇಡೋ ಊರಿಂದ ಬಂದವ್ನಿಗೆ ಅದು ಕೊರತೆ ಅಂತ ಅನ್ನಿಸ್ಲೇ ಇಲ್ಲ.

ಗಂಡು ಮಗು ಆದ್ರೆ ಬಯಾನಿ, ದಕೀಲಾ, ಮಗೀತಿಂಗ್, ಮಲಾಯ, ಇಷ್ಟರಲ್ಲಿ ನೋಡಿ. ಬಯಾನಿ ಅಂದ್ರೆ ವೀರ, ಆದ್ರೆ ಕತ್ತಿ ಹಿಡ್ದೋನು ಮಾತ್ರ ಅಲ್ಲ, ಊರಿಗೆ ಆಗಿ ಬರೋನು. ಊರೋರೆಲ್ಲ ಸೇರಿ ಒಬ್ಬರ ಮನೇನೇ ಬಿದಿರ ಗಳು ಕಟ್ಟಿ ಹೊತ್ಕೊಂಡು ಇನ್ನೊಂದು ಜಾಗಕ್ಕೆ ಇಡೋ ಪದ್ಧತಿಗೆ ಬಯನಿಹಾನ್ ಅಂತಾರೆ, ನಮ್ಮ ಮುಯ್ಯಾಳು ಇದ್ದ ಹಾಗೆ. ಹೊರದೇಶದಲ್ಲಿ ದುಡಿದು ಮನೆಗೆ ದುಡ್ಡು ಕಳ್ಸೋರನ್ನ 'ಬಾಗೊಂಗ್ ಬಯಾನಿ', ಹೊಸ ವೀರರು ಅಂತ ಸರ್ಕಾರಾನೇ ಕರೆಯುತ್ತೆ. ಇಷ್ಟು ಜೀವಂತ ಇರೋ ಗಂಡು ಹೆಸರು ಇನ್ನೊಂದಿಲ್ಲ. ದಕೀಲಾ ಅಂದ್ರೆ ಮಹಾನ್, ಚೆನ್ನಾಗಿದೆ, ಸ್ವಲ್ಪ ಗಂಭೀರ. ಮಗೀತಿಂಗ್ ಅಂದ್ರೆ ಶೂರ, ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಬತಾನ್ ಪ್ರಾಂತ್ಯ ಜಪಾನಿನವ್ರ ಕೈಗೆ ಬಿದ್ದ ಏಪ್ರಿಲ್ 9ನ್ನ ಶೌರ್ಯದ ದಿನ ಅಂತ ಆಚರಿಸೋದೂ ಇದೇ ಪದದ ಮೇಲೆ. ಧೈರ್ಯಕ್ಕೆ ಮತಾಪಂಗ್ ಅನ್ನೋ ಪದಾನೂ ಇದೆ, ಅದನ್ನ ಹೆಸರಾಗಿ ಇಡಬೇಡಿ, ಸ್ಟ್ರಾಂಗ್ ಕಾಫಿಗೂ ಮತಾಪಂಗ್ ಅಂತಾರೆ. ಮಲಾಯ ಅಂದ್ರೆ ಸ್ವತಂತ್ರ, ಹೆಣ್ಣಿಗೂ ಗಂಡಿಗೂ ಆಗುತ್ತೆ, ಜೂನ್ 12ರ ಸ್ವಾತಂತ್ರ್ಯ ದಿನದ 'ಕಲಯಾನ್' ಇದೇ ಬೇರಿಂದ ಬಂದಿದ್ದು, ನಮ್ಮೋರಿಗೆ ಮಲಯ ಮಾರುತ ನೆನಪಾಗುತ್ತೆ, ಆಗ್ಲಿ ಬಿಡಿ, ಅದೂ ಒಳ್ಳೇದೇ.

ಗಾಳಿ ಮಳೆ ಹೆಸರಲ್ಲಿ ಅಮೀಹನ್. ಈಶಾನ್ಯದಿಂದ ಬರೋ ತಂಪು ಗಾಳಿ, ಕ್ರಿಸ್ಮಸ್ ಹೊತ್ತಿಗೆ ಬೆಳಗ್ಗೆ ಎದ್ದು ಬಾಗ್ಲು ತೆಗೆದ್ರೆ ಮುಖಕ್ಕೆ ಬರುತ್ತಲ್ಲ ಅದು. ಅದಕ್ಕೆ ಎದುರು ಹಬಾಗತ್, ನೈಋತ್ಯದ್ದು, ಜೂನಿಂದ ಸುರಿಯೋ ಮಳೆ ತರೋದು. ಅಂದ್ರೆ ಹಬಾಗತ್ ನಮ್ಮ ಮುಂಗಾರು, ಅಮೀಹನ್ ನಮ್ಮ ಹಿಂಗಾರಿನ ಗಾಳಿ. ಹೆಣ್ಣಿಗೆ ಅಮೀಹನ್ ಇಡ್ತಾರೆ, ಹಬಾಗತ್‌ದು ಪ್ರವಾಹದ ನೆನಪು ಜಾಸ್ತಿ, ಹೆಸರಾಗಿ ಇಟ್ಟಿದ್ದು ನಾನಂತೂ ಕಂಡಿಲ್ಲ.

ಎರಡೂ ಮನೆಗೂ ಸೇರೋ ಹೆಸರು ಬೇಕು ಅನ್ನೋರಿಗೆ ಈಗ ಹೇಳೋದು ನಂಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಇದೇ ಲಗೂನಾದಲ್ಲಿ 1989ರಲ್ಲಿ ಒಂದು ತಾಮ್ರಪಟ ಸಿಕ್ತು, ಈಗ ಮನಿಲಾದ ಮ್ಯೂಸಿಯಂನಲ್ಲಿದೆ. ಅದು ಶುರುವಾಗೋದು 'ಸ್ವಸ್ತಿ' ಅಂತ, ಶಕ ವರ್ಷ 822, ವೈಶಾಖ ಮಾಸ, ಕೃಷ್ಣ ಪಕ್ಷ ಚತುರ್ಥಿ, ಸೋಮವಾರ, ಅಂದ್ರೆ ಕ್ರಿ.ಶ. 900. ಆಗ ಮಳಖೇಡದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳ್ತಿದ್ದ ಕಾಲ, ನಮ್ಮ ಶಾಸನಗಳೂ ಹೀಗೇ ಶುರುವಾಗ್ತಿದ್ದಿದ್ದು. ನಂವಾರಾನ್ ಅನ್ನೋನ ಸಾಲ ತೀರಿತು ಅಂತ ಅವನ ಮಕ್ಕಳು ಅಂಕತಾನ್ ಮತ್ತು ಬುಕಾಗೆ ಬರೆದುಕೊಟ್ಟ ಪತ್ರ ಅದು, ಅದ್ರಲ್ಲಿ ಬರೋ ಒಬ್ಬ ನಾಯಕನ ಹೆಸರು ಜಯದೇವ. ಆ ಬುಕಾ ಹೆಸರಿನ ಮುಂದೆ 'ಸಿ' ಅನ್ನೋ ಅಕ್ಷರ ಇದೆ. ಇವತ್ತಿಗೂ ತಗಾಲೊಗ್‌ನಲ್ಲಿ ಇಂಥವ್ರು ಬಂದ್ರು, ಹೋದ್ರು ಅಂತ ಹೇಳುವಾಗ ಮನುಷ್ಯರ ಹೆಸರಿನ ಮುಂದೆ 'ಸಿ' ಸೇರಿಸ್ಲೇಬೇಕು, ತಾಲಾ ಬಂದಳು ಅನ್ನೋಕೆ 'ಸಿ ತಾಲಾ' ಅಂತ್ಲೇ ಹೇಳ್ಬೇಕು. ಆರಿಸಿದ ಹೆಸರನ್ನ 'ಸಿ' ಸೇರ್ಸಿ ಒಂದ್ಸಲ ಹೇಳಿ ನೋಡಿ, ಈ ಮನೇಲಿ ಅದು ಹಾಗೇ ಕೇಳೋದು.

ಅಷ್ಟು ಹಳೇ ಸಂಪರ್ಕದಿಂದ ಉಳ್ದಿರೋ ಪದಗಳು ಹೆಸರಿಗೆ ಆಗೋ ಅಂಥವು ಕೆಲವಿದಾವೆ. ದಿವಾತಾ ಅಂದ್ರೆ ದೇವತೆ, ಆದ್ರೆ ಗುಡೀಲಿ ಕೂತ ದೇವರಲ್ಲ, ಕಾಡು ಬೆಟ್ಟ ಕಾಯೋ ಶಕ್ತಿ, ನಮ್ಮನೆ ಹಿಂದೆ ಕಾಣೋ ಮಕೀಲಿಂಗ್ ಬೆಟ್ಟದ ಮರಿಯಾ ಮಕೀಲಿಂಗ್ ಅಂಥ ದಿವಾತಾ, ನಮ್ಮೂರ ಕಡೆ ವನದೇವತೆ ಅಂದ್ಕೊಳ್ಳಿ. 2016ರಲ್ಲಿ ಕಕ್ಷೆ ಸೇರಿದ ಫಿಲಿಪೈನ್ಸಿನ ಪುಟ್ಟ ಉಪಗ್ರಹಕ್ಕೂ ದಿವಾತಾ ಅಂತ್ಲೇ ಹೆಸರಿಟ್ರು. ಲಿಖಾ ಅಂದ್ರೆ ಸೃಷ್ಟಿ, ನಮ್ಮ ಲೇಖ. ಸಂಪಗೀತಾ ಅಂದ್ರೆ ದುಂಡು ಮಲ್ಲಿಗೆ, 1934ರಿಂದ ಇಲ್ಲಿನ ರಾಷ್ಟ್ರೀಯ ಹೂವು, ಪದ ಮಾತ್ರ ಚಂಪಕದ್ದು, ಅಂದ್ರೆ ಸಂಪಿಗೆ ಅನ್ನೋ ಹೆಸರು ಸಮುದ್ರ ದಾಟಿ ಮಲ್ಲಿಗೆಗೆ ಹೋಗಿ ಕೂತಿದೆ. ಸಿಂತಾ ಅಂದ್ರೆ ಪ್ರೀತಿಪಾತ್ರ, ಬಂದಿದ್ದು ಚಿಂತೆಯಿಂದ. ಹಗಲೂ ರಾತ್ರಿ ಯಾರ ಚಿಂತೆ ಮಾಡ್ತೀವೋ ಅವ್ರೇ ಅಲ್ವಾ ಪ್ರೀತಿಯವ್ರು, ನಂಗಂತೂ ಇದನ್ನ ತಿಳಿದ ದಿನ ಮನಸ್ಸು ತುಂಬಿ ಬಂತು, ಆದ್ರೂ ಮಂಡ್ಯದಲ್ಲಿ ಅದನ್ನ ಚಿಂತೆ ಅಂತ್ಲೇ ಕೇಳಿಸ್ಕೊಳ್ಳೋದ್ರಿಂದ ಬಿಟ್ವಿ. ಆಮೇಲೆ ಆಶಾ. 'ಪಗ್ ಆಸಾ' ಅಂದ್ರೆ ತಗಾಲೊಗ್‌ನಲ್ಲಿ ಭರವಸೆ, ಬೋನಿಫಾಸಿಯೊ ಕತಿಪುನಾನ್‌ನಲ್ಲಿ ಇಟ್ಕೊಂಡಿದ್ದ ಗುಪ್ತನಾಮ ಮಯ್‌ಪಗಾಸಾ, ಭರವಸೆ ಇರೋನು ಅಂತ. ನಮ್ಮ ಆಶಾ ಅನ್ನೋ ಹೆಸರನ್ನ ಇಲ್ಲಿ ಯಾರಿಗೂ ಬಿಡಿಸಿ ಹೇಳೋ ಅಗತ್ಯಾನೇ ಇಲ್ಲ.

ಕನ್ನಡದ ಹೆಸರು ಇಡೋದಾದ್ರೆ ಆ ಕಡೆ ಕಿವೀನೂ ನೋಡಿ. ಲತಾ ಅಂದ್ರೆ ಇಲ್ಲಿ ತಗಡಿನ ಡಬ್ಬ. ಸುಕನ್ಯಾನ ಸುಕಾ ಅಂತ ಚಿಕ್ಕದು ಮಾಡ್ಬೇಡಿ, ವಿನೆಗರ್‌ಗೂ ವಾಂತಿಗೂ ಅದೇ ಪದ. ಮಾಯಾ ಪರ್ವಾಗಿಲ್ಲ, ನಮಗೆ ಮಾಯೆ, ಅವ್ರಿಗೆ ಅಂಗಳಕ್ಕೆ ಬರೋ ಪುಟ್ಟ ಗುಬ್ಬಿ ಜಾತಿ ಹಕ್ಕಿ, 1995ರಲ್ಲಿ ಹದ್ದು ಬರೋವರೆಗೆ ಅದೇ ರಾಷ್ಟ್ರಪಕ್ಷಿ ಆಗಿತ್ತು. ಇನ್ನೊಂದು, ಪಟ್ಟೀಲಿ ತಗಾಲೊಗ್ ಅಂತ ಬರ್ದಿದ್ದೆಲ್ಲ ತಗಾಲೊಗ್ ಅಲ್ಲ, ಇಂದಾಯ್ ವಿಸಾಯಸ್ ಕಡೆ ಪದ, ಚಂದ್ರನಿಗೆ ಬುಲಾನ್ ಅಂತ ಕೊಟ್ಟಿದ್ರೆ ಅದೂ ಬೇರೆ ಭಾಷೇದು, ತಗಾಲೊಗ್‌ನಲ್ಲಿ ಬುವಾನ್. ಮನೆಯವ್ರು ಎಲ್ಲಿಯವ್ರು ಅನ್ನೋದನ್ನ ಕೇಳ್ಕೊಂಡು ಇಡಿ.

ನೋಂದಣಿ ವಿಷ್ಯ ಚುಟುಕಾಗಿ ಹೇಳ್ತೀನಿ. ಇಲ್ಲಿ ಹುಟ್ಟಿದ ಮಗೂನ 30 ದಿನದೊಳಗೆ ರಿಜಿಸ್ಟರ್ ಮಾಡಿಸ್ಬೇಕು. ಮೊದಲ ಹೆಸರು ಎರಡು ಪದ ಇರ್ಬಹುದು, ಮಧ್ಯದ ಹೆಸರಿನ ಜಾಗಕ್ಕೆ ತಾಯಿ ತವರಿನ ಮನೆತನದ ಹೆಸರು ಬರುತ್ತೆ, ನಮ್ಮ ಕಡೆ ಅಪ್ಪನ ಹೆಸರು ಹಾಕೋ ಜಾಗ ಅದಲ್ಲ, ಇದನ್ನ ಮೊದಲೇ ತಿಳ್ಕೊಂಡ್ರೆ ಇಂಡಿಯಾ ಪಾಸ್‌ಪೋರ್ಟ್ ಮಾಡಿಸುವಾಗ ಗೊಂದಲ ಕಮ್ಮಿ. ಹೆಸರು ಸರಿಹೋಗ್ಲಿಲ್ಲ ಅಂದ್ರೆ 2001ರ 9048ನೇ ಕಾಯ್ದೆ ಪ್ರಕಾರ ಕೋರ್ಟಿಗೆ ಹೋಗದೇ ನೋಂದಣಿ ಕಚೇರೀಲೇ ಮೊದಲ ಹೆಸರು ಬದಲಾಯಿಸೋಕೆ ಅರ್ಜಿ ಹಾಕ್ಬಹುದು, ಬರೆಯೋಕೆ ಉಚ್ಚರಿಸೋಕೆ ತುಂಬ ಕಷ್ಟ ಅನ್ನೋದೂ ಅಲ್ಲಿ ಒಂದು ಕಾರಣ.

ಕೊನೆಗೆ ನಮ್ಮ ಮುಂದೆ ಉಳಿದಿದ್ದು ತಾಲಾ, ಮಯೂಮಿ, ಲಿಗಾಯ. ನಮ್ಮಮ್ಮನಿಗೆ ಫೋನಲ್ಲಿ ಮೂರೂ ಹೇಳ್ದೆ. ತಾಲಾನ ತಾಳ ಅಂದ್ರು, ಮಯೂಮಿನ ಸರಿಯಾಗೇ ಅಂದು ಸುಮ್ನಾದ್ರು, ಲಿಗಾಯನ ಎರಡ್ಸಲ ಅಂದು ಅರ್ಥ ಏನಪ್ಪ ಅಂತ ಕೇಳಿದ್ರು. ಆನಂದ ಅಂದೆ. ಹಂಗಾದ್ರೆ ಅದೇ ಇಡು ಅಂದ್ರು. ರಿಜಿಸ್ಟರಲ್ಲಿ ಲಿಗಾಯ ಆಶಾ ಅಂತ ಬರೆಸಿದ್ವಿ, ಅಲ್ಲಿಯ ಅಜ್ಜಿ ಲಿಗಾಯಮ್ಮ ಅಂತಾರೆ, ಇಲ್ಲಿಯ ಅಜ್ಜಿ ಆಯಾ ಅಂತಾರೆ. ಈಗ ಅವಳಿಗೆ ನಾಲ್ಕು ವರ್ಷ. ಇಲ್ಲಿ ಸೆಪ್ಟೆಂಬರ್ ಬಂದ್ರೆ ಸಾಕು ಕ್ರಿಸ್ಮಸ್ ಬ್ಯಾನರ್ ಕಟ್ಟೋಕೆ ಶುರು, ಮೊನ್ನೆ ಮಾರ್ಕೆಟ್ ಹತ್ರ ಜೀಪ್ನಿ ಇಳೀತಿದ್ದ ಹಾಗೇ ಮೇಲೆ ಬೆರಳು ತೋರ್ಸಿ ಅಪ್ಪ ನನ್ನ ಹೆಸರು ಅಂದ್ಳು, ನೋಡಿದ್ರೆ ದೊಡ್ಡ ಕೆಂಪು ಅಕ್ಷರದಲ್ಲಿ 'ಮಲಿಗಾಯಂಗ್ ಪಾಸ್ಕೊ', ಅದ್ರೊಳಗೆ ಅವಳ ಹೆಸರಿನ ಅಕ್ಷರಗಳನ್ನ ಒಂದೊಂದಾಗಿ ಗುರುತು ಹಿಡೀತಿದ್ಳು.